ತಲೆಗೊಂದು ಕಾಳು

ಮದುವೆಗೆಂದು ತುಂಬಿಟ್ಟ ಅಕ್ಕಿ ಡಬ್ಬದಲ್ಲಿ, ನುಸಿ ಹಿಡಿಯದಿರಲೆಂದು ಒಂದು ಒಣ ಬೇವಿನೆಲೆ ಇಟ್ಟಿದ್ದರು. ನುಸಿ ಜೋಡಿಯೊಂದು ಬಂದು ಎಲೆಗೆ ಕೈಮುಗಿಯಿತು.

"ಅಜ್ಜಾ, ತಲೆಗೊಂದು ಕಾಳು ಸಾಕು."

"ಸರಿ. ಎರಡನೆಯದನ್ನು ಮುಟ್ಟಿದರೆ ಹೊರಗೆ ಹಾಕುತ್ತೇನೆ," ಎಂದಿತು ಎಲೆ.

ನುಸಿಗಳು ಮಾತಿಗೆ ತಪ್ಪಲಿಲ್ಲ. ಪ್ರತಿಯೊಂದೂ ಒಂದೇ ಕಾಳು ತಿಂದು, ಎರಡು ಮರಿ ಬಿಟ್ಟು ಸಾಯುತ್ತಿತ್ತು. ಎಲೆ ಒಬ್ಬೊಬ್ಬರ ಬಾಯಿ ಕಾಯುತ್ತಿತ್ತು. ಅಕ್ಕಿಯ ಕಡೆ ನೋಡಲಿಲ್ಲ.

ಮದುವೆಯ ಹಿಂದಿನ ದಿನ ಮನೆಯಾಕೆ ಡಬ್ಬಕ್ಕೆ ಕೈ ಹಾಕಿದಳು. ಬರೀ ಹಿಟ್ಟು ಬಂತು. 

"ಅಕ್ಕಿ ಅರ್ಧಕ್ಕಿಳಿದಾಗಲೇ ಹೇಳಬಾರದಿತ್ತೇ?" ಎಂದು ಎಲೆ ಹಸಿದ ಮರಿಯೊಂದನ್ನು ಕೇಳಿತು.

"ನಮ್ಮಜ್ಜಿ ಸಾಯುವಾಗ ಅರ್ಧ ಡಬ್ಬ ಇತ್ತಂತೆ. ಉಳಿದಿದ್ದನ್ನು ನಮ್ಮ ಅವ್ವಂದಿರು ತಿಂದರು," ಎಂದಿತು ಮರಿ. "ತಲೆಗೊಂದೇ, ಅಜ್ಜಾ."