ಸಂಕವ್ವನ ಕೊಡ

"ಕೇಳಿರಪ್ಪೋ ಕೇಳಿರಿ! ರಾಣಿ ಹೊನ್ನಾಂಬೆಯ ಮೂರು ಒಗಟು ಬಿಡಿಸಿದವರಿಗೆ ಊರ ನೀರಿನ ಪಾರುಪತ್ಯ, ತಪ್ಪಿದವರಿಗೆ ಗಲ್ಲು! ಪೇಟೆಮಹಲಿನಲ್ಲಿ ಯಾವ ಅಂಗಡಿಯ ಚೀಟಿ ಬರುತ್ತದೋ ಆ ಅಂಗಡಿಯಿಂದ ಒಬ್ಬರು ಬರತಕ್ಕದ್ದು!"

ಡಂಗುರ ಕೇಳಿದಾಗ ದುರುಗ ಆ ಏಳಂತಸ್ತಿನ ಅಂಗಡಿಮಹಲಿನ ಖಾನಾವಳಿಯ ಹಿಂದೆ ತಟ್ಟೆ ತೊಳೆಯುತ್ತಿದ್ದ. ಅದೃಷ್ಟ ನೋಡಿ, ಮೂರನೇ ಚೀಟಿಯೇ ಖಾನಾವಳಿಯದು. ಸಾವುಕಾರ ಈರಪ್ಪ ಅವನ ಹೆಗಲ ಮೇಲೆ ಕೈಯಿಟ್ಟ. "ನನಗ ಹೆಂಡ್ತಿ ಮಕ್ಕಳದಾರ. ನೀ ಹೋಗಿ ಬಾರೋ ತಮ್ಮಾ."

ಬರುವುದೆಲ್ಲಿಂದ? ದುರುಗನಿಗಿದ್ದವಳು ಅವ್ವ ಸಂಕವ್ವ ಒಬ್ಬಳೇ. ಮಹಲಿನ ಏಳೂ ಅಂತಸ್ತಿನ ಪಾಯಖಾನೆಗಳಿಗೆ ಸಿಹಿಬಾವಿಯ ನೀರು ಹೊರುವುದು ಸಂಕವ್ವನ ಕೆಲಸ. ರಾಣಿ ಕಟ್ಟಿಸಿದ ಮಹಲಿಗೆ ಮುಸುರೆ ನೀರು ಸೋಕಬಾರದೆಂದು ಕಟ್ಟಪ್ಪಣೆಯಿತ್ತು. ಅವ್ವನ ಮೊಣಕಾಲು ಬಾತದ್ದನ್ನು ನೋಡಲಾರದೆ ದುರುಗ ಕೆಳಗಿನ ಅಂತಸ್ತಿಗೆ ತಟ್ಟೆ ತೊಳೆದ ನೀರನ್ನು ಕದ್ದು ಸುರಿಯುತ್ತಿದ್ದ. ಮೇಲಿನದಕ್ಕೆ ಮಾಳಿಗೆಯಲ್ಲಿ ಹರವಿಗಳನ್ನಿಟ್ಟು ಮಳೆನೀರು ಹಿಡಿದಿದ್ದ. ನಡುವಿನ ಐದು ಅಂತಸ್ತುಗಳಿಗೆ ಅವನಿಂದ ಏನೂ ಮಾಡಲಾಗಿರಲಿಲ್ಲ. ಈಗ ತಾನು ಸತ್ತರೆ ಏಳೂ ಅವ್ವನ ತಲೆಗೇ.

ಸಭೆಯಲ್ಲಿ ರಾಣಿ ಕೇಳಿದಳು: "ಒಮ್ಮೆ ದುಡಿದು ಮೈಲಿಗೆಯಾಗಿ ಹೊರಬಿದ್ದರೂ, ಮತ್ತೆ ಕರೆದರೆ ಮಹಲಿನ ಮರ್ಯಾದೆ ಉಳಿಸುವುದು ಯಾವುದು? ಕರೆಯದೆ ಬಂದು ನಮ್ಮ ನೆತ್ತಿಯ ಮೇಲಿಳಿಯುವ ನೆಂಟನನ್ನು ಚರಂಡಿಗೆ ನೂಕಿ, ಹೋದಮೇಲೆ ಬಾ ಬಾ ಎಂದು ಅಳುತ್ತೇವೆ. ಯಾರವನು? ಅರಸನೂ ಆಳೂ ಒಬ್ಬೊಬ್ಬರೇ ಹೋಗುವ ಮನೆ, ಎಷ್ಟು ಅಮೃತ ಸುರಿದರೂ ಅಲ್ಲಿ ಕುಡಿಯುವವರಿಲ್ಲ. ಯಾವ ಮನೆ?"

ಪಟ್ಟೆ ವ್ಯಾಪಾರಿ ಮುಂದೆ ಬಂದ. "ಮೊದಲನೆಯದು ಹಳೇ ಪಟ್ಟೆಸೀರೆ, ತಾಯಿ."

"ಪಟ್ಟೆಗೆ ಮೈಲಿಗೆಯಿಲ್ಲವೆಂದು ಹೇಳಿಯೇ ಮಾರುತ್ತೀಯಲ್ಲ! ಕಟ್ಟಿರಿ ಇವನನ್ನು."

ಅತ್ತರಿನ ಅಂಗಡಿಯವನು, "ಎರಡನೆಯದು ನನ್ನ ಭಾವಮೈದುನ" ಎಂದ.

"ಅವನು ಹೋದಮೇಲೆ ಎಂದಾದರೂ ಅತ್ತಿದ್ದೀಯಾ?"

ಅವನ ಕೈಗೂ ಹಗ್ಗ ಬಿತ್ತು.

ದುರುಗನ ಸರದಿ ಬಂತು. ಮೈಲಿಗೆ, ನೆತ್ತಿ, ಒಬ್ಬೊಬ್ಬರೇ ಹೋಗುವ ಮನೆ! ಅಯ್ಯೋ, ರಾಣಿಗೆ ಎಲ್ಲ ಗೊತ್ತಾಗಿದೆ, ತನ್ನನ್ನೇ ಸುತ್ತು ಬಳಸಿ ಕೇಳುತ್ತಿದ್ದಾಳೆ ಎಂದುಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಜಾತಿ ಅವನದು. ದೊಪ್ಪನೆ ಅಡ್ಡಬಿದ್ದ.

"ತಪ್ಪಾತ್ರಿ ತಾಯಿ! ತಟ್ಟಿ ತೊಳದ ನೀರು ನಾನೇ ಸುರದೀನ್ರಿ. ಮಾಳಗಿ ಮ್ಯಾಲಿನ ಮಳಿನೀರೂ ನಾನೇ ಹಿಡದೀನ್ರಿ. ಎಲ್ಲಾ ಪಾಯಖಾನಿಗೇ ಹೋಗೈತ್ರಿ. ನನ್ನ ಗಲ್ಲಿಗೆ ಹಾಕ್ರಿ, ನಮ್ಮವ್ವಗ ಇದೇನೂ ಗೊತ್ತಿಲ್ರಿ!"

ರಾಣಿ ಸಿಂಹಾಸನದಿಂದ ಎದ್ದಳು.

"ಯಾಕಪ್ಪಾ ಹಾಗೆ ಮಾಡಿದೆ?"

"ಬಾವಿ ತಳ ಕಂಡೈತ್ರಿ. ಊರ ಮಂದಿ ಕೊಡ ಹಿಡದು ನಿಂತಾರ್ರಿ. ಕುಡಿಯೋ ನೀರು ನಮ್ಮವ್ವ ಕುಂಟಕೋತ ಹೊತ್ತು ಅಲ್ಲಿ ಸುರಿಯೋದು ನೋಡಾಕ ಆಗಲಿಲ್ರಿ."

ರಾಣಿ ಸಭೆಯತ್ತ ತಿರುಗಿದಳು. "ಮೂರೂ ಸರಿ. ಮೊದಲನೆಯದು ತೊಳೆದ ನೀರು, ಎರಡನೆಯದು ಮಾಳಿಗೆಯ ಮಳೆ, ಮೂರನೆಯದು ಪಾಯಖಾನೆ. ಬಾವಿ ಬತ್ತಿದ ಮೇಲೆ ನನಗೆ ಬುದ್ಧಿ ಬಂದು ಒಗಟು ಕಟ್ಟಿದೆ. ಇವನು ಒಗಟಿಗೆ ಮೊದಲೇ ಉತ್ತರ ಮಾಡಿಟ್ಟಿದ್ದ. ಆ ಕಟ್ಟಪ್ಪಣೆ ನನ್ನದೇ. ಇಂದಿಗೆ ರದ್ದು. ಅಂಗಡಿ ಅಂಗಡಿಯ ತೊಳೆದ ನೀರೂ ಮಾಳಿಗೆಯ ಮಳೆಯೂ ಒಂದೇ ತೊಟ್ಟಿಗೆ ಬಂದು ಪಾಯಖಾನೆಗಳಿಗೆ ಹೋಗಲಿ. ತೊಟ್ಟಿ ಕಟ್ಟುವವರೆಗೆ ಈ ಇಬ್ಬರ ಗಲ್ಲು ಬಿಟ್ಟು ತಲೆಯ ಮೇಲೆ ಕೊಡ ಹೊರಿಸಿರಿ. ಪಾರುಪತ್ಯ ದುರುಗನದು. ಇನ್ನೇನು ಬೇಕು, ಕೇಳಪ್ಪಾ."

"ನಮ್ಮವ್ವ ಕೆಳಗ ಇಳೀಲ್ರಿ."

ಸಂಕವ್ವ ಆಗ ಐದನೇ ಅಂತಸ್ತಿನ ಮೆಟ್ಟಿಲಲ್ಲಿದ್ದಳು. ಮಗನಿಗೆ ಗಲ್ಲಾಗಬಹುದೆಂದು ಅವಳಿಗೆ ಗೊತ್ತಿದ್ದರೂ ಮಹಲಿನವರು ಅವಳನ್ನು ಕೆಲಸದಿಂದ ಬಿಟ್ಟಿರಲಿಲ್ಲ. ಬಂಟರು ಕರೆತಂದಾಗ ತುಂಬಿದ ಕೊಡ ತಲೆಯ ಮೇಲೆಯೇ ಇತ್ತು. ಮಗನನ್ನು ಕಂಡರೂ ನಂಬಲಾಗದೆ, ಅಧಿಕಾರಿಗಳ ಮುಖ ನೋಡುತ್ತ, "ಇದನ್ನ ಎಲ್ಲಿ ಸುರೀಲ್ರಿ?" ಎಂದು ಕೇಳಿದಳು.

ದುರುಗ ಕೊಡ ಇಳಿಸಿಕೊಂಡು ಅವಳ ಬೊಗಸೆಗೆ ಬಗ್ಗಿಸಿದ.

"ಕುಡಿಯವ್ವಾ. ಇದು ಕುಡಿಯೋ ನೀರು."