ಓಬಳೇಶನ ಪ್ರಶ್ನೆ

ಊರೂರಿಗೆ ನೀರು ಬಿಡೋ ನೀರುಗಂಟಿಗಳು ನಾವು. ನಮ್ಮದೊಂದು ವಾಟ್ಸಾಪ್ ಗ್ರೂಪಿತ್ತು. ಮೋಟರು ಕೆಟ್ಟವನು ಕೇಳೋನು, ಗೊತ್ತಿದ್ದವನು ಹೇಳೋನು. ರಿಪೇರಿಯಾದ ಮೇಲೆ ಕೇಳಿದವನು ‘ನೀರು ಬಂತು’ ಅಂತ ಬರೀಲೇಬೇಕು. ಮೂರು ವರ್ಷದಲ್ಲಿ ಒಂದು ಪುಸ್ತಕಕ್ಕಾಗುವಷ್ಟು ವಿದ್ಯೆ ಸೇರಿತು.

ಅದು ತಾಲ್ಲೂಕಿನ ಸಾಹೇಬರ ಕಣ್ಣಿಗೆ ಬಿತ್ತು. ನಮ್ಮ ಹಿರಿಯನನ್ನು ಕರೆಸಿದರು.

“ಎಲ್ಲಾ ಅಚ್ಚು ಹಾಕಿಸು. ಬರೆದವರು ಅಂತ ನನ್ನ ಹೆಸರಿರಲಿ.”

“ಆಗಲಿ ಸಾರ್. ಒಂದು ಪ್ರಶ್ನೆ ಹಾಗೇ ಉಳಿದಿದೆ. ಅದಕ್ಕೆ ತಾವೇ ಉತ್ತರ ಹೇಳಿಬಿಡಿ.”

ಹಿರಿಯ ಫೋನು ಕೊಟ್ಟ. ನಮ್ಮಲ್ಲೊಬ್ಬ ನೀರುಗಂಟಿ ಓಬಳೇಶ ಬರೆದಿದ್ದ: ‘ಸ್ಟಾರ್ಟರ್ ಮುಟ್ಟಿದ್ರೆ ಜುಮ್ ಅಂತೈತೆ. ಏನ್ ಮಾಡ್ಲಿ?’

ಸಾಹೇಬರು ನಕ್ಕರು. “ಇಷ್ಟೇನಾ? ಮುಟ್ಟಬೇಡ, ಮೊದಲು ಮೇನ್ ಆಫ್ ಮಾಡು ಅಂತ ಬರಿ.”

“ಸರಿಯಾದ ಉತ್ತರ ಸಾರ್. ಯಾವ ತಾರೀಕು ಹಾಕಲಿ?”

“ಅವನು ಕೇಳಿದ ದಿನದ್ದೇ ಹಾಕು.”

“ಅವತ್ತು ತಮ್ಮ ಭಾಷಣ ಇತ್ತು ಸಾರ್. ತನ್ನೂರಲ್ಲಿ ನೀರಿಲ್ಲ ಅಂತ ಓಬಳೇಶ ಒಬ್ಬ ಮಾತ್ರ ಬಂದಿರಲಿಲ್ಲ. ಫೋನು ಗುಯ್‌ಗುಡ್ತವೆ ಅಂತ ತಾವು ನಮ್ಮೆಲ್ಲರದ್ದೂ ಡಬ್ಬಕ್ಕೆ ಹಾಕಿಸಿದ್ರಿ. ವಾಪಸ್ ಸಿಕ್ಕಾಗ ಹನ್ನೆರಡು ಜನ ‘ಮುಟ್ಟಬೇಡ’ ಅಂತ ಬರೆದ್ವಿ. ಅಷ್ಟೊತ್ತಿಗೆ ಅವನು ಮತ್ತೆ ಮುಟ್ಟಿಬಿಟ್ಟಿದ್ದ.”

ಸಾಹೇಬರು ಫೋನನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟರು. ಹೆಸರಿನ ಮಾತು ಮತ್ತೆ ಎತ್ತಲಿಲ್ಲ.

ಓಬಳೇಶನ ಪ್ರಶ್ನೆಯನ್ನೇ ಮೊದಲಿಗಿಟ್ಟೆವು; ಪುಸ್ತಕ ಯಾರ ಹೆಸರೂ ಇಲ್ಲದೆ ಅಚ್ಚಿಗೆ ಹೋಯಿತು. ಪ್ರೆಸ್ಸಿನವನು ಫೋನು ಮಾಡಿದ: “ಎಲ್ಲಾ ಪ್ರಶ್ನೆ ಕೆಳಗೂ ‘ನೀರು ಬಂತು’ ಅಂತಿದೆ. ಮೊದಲನೇದಕ್ಕೆ ಮಾತ್ರ ಇಲ್ಲ. ಬಿಟ್ಟುಹೋಗಿದೆಯಾ? ಸೇರಿಸಲಾ?”

“ಬೇಡ,” ಅಂದ ಹಿರಿಯ. “ಅದನ್ನ ಅವನೇ ಬರೀಬೇಕಿತ್ತು.”