ಒಗೆದು ತನ್ನಿ

“ಗುರುಗಳೇ, ಎರಡು ತಿಂಗಳು ಬಿಟ್ಟಿದ್ದೆ. ನಿನ್ನೆ ಮತ್ತೆ ಕುಡಿದೆ. ಈ ಬಾಯಿ ಇಟ್ಟುಕೊಂಡು ನಿಮ್ಮೆದುರು ಹೇಗೆ ಕೂರಲಿ? ಎಲ್ಲಾದರೂ ದೂರ ಹೋಗಿ, ಪೂರ್ತಿ ಶುದ್ಧನಾದ ಮೇಲೆ ಬರುತ್ತೇನೆ. ಆಗಬಹುದೇ?” ಎಂದು ಶಿಷ್ಯ ಸೋಮಲಿಂಗ ಕೇಳಿದ. ಅವನು ಹೊಸ್ತಿಲಿನ ಹೊರಗೇ ನಿಂತಿದ್ದ. ಬಟ್ಟೆಯ ಗಂಟು ಆಗಲೇ ಬಗಲಿಗೆ ಬಂದಿತ್ತು.

ಗುರುಗಳು ಹೋಗು ಎನ್ನಲಿಲ್ಲ, ಇರು ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಬಣ್ಣಗಾರನಿದ್ದ. ಬಟ್ಟೆಗೆ ನೀಲಿ ಬಣ್ಣ ಹಾಕುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಜಿಡ್ಡು ಹಿಡಿದ ಬಟ್ಟೆಗೆ ಬಣ್ಣ ಕೂರುವುದಿಲ್ಲ. ಅಂಥದ್ದನ್ನು ಯಾರೇ ತರಲಿ, “ಒಗೆದು ತನ್ನಿ” ಎಂದು ಅಂಗಳದಿಂದಲೇ ಹಿಂದಕ್ಕೆ ಕಳಿಸುತ್ತಿದ್ದ. ಆ ಮಾತು ಹೇಳುವಾಗ ಅವನ ದನಿಯಲ್ಲಿ ಸ್ವಲ್ಪ ಗತ್ತು ಇರುತ್ತಿತ್ತು. ಸಂಜೆಯಾದರೆ ಅದೇ ಮನುಷ್ಯ ಕುಡಿದು ಆ ಅಂಗಳದಲ್ಲೇ ಬಿದ್ದಿರುತ್ತಿದ್ದ.

ಅವನ ಹೆಂಡತಿಗೆ ಬಳೆಗಾರ್ತಿಯೊಬ್ಬಳು ಒಂದು ಸುದ್ದಿ ಹೇಳಿದಳು. ಪಕ್ಕದೂರಿನ ಗಾಣದ ಮನೆಯಲ್ಲಿ ಪ್ರತಿ ಮಂಗಳವಾರ ಕುಡಿತ ಬಿಟ್ಟವರ ಕೂಟ ಸೇರುತ್ತದೆ. ಒಬ್ಬೊಬ್ಬರಾಗಿ ತಮ್ಮ ಹೆಸರು ಹೇಳುತ್ತಾರೆ, ತಮ್ಮ ಪಾಡು ಹೇಳಿಕೊಳ್ಳುತ್ತಾರೆ, ಉಳಿದವರು ಕೇಳುತ್ತಾರೆ. ಬುದ್ಧಿ ಹೇಳುವವರು ಯಾರೂ ಇಲ್ಲ. ಬಳೆಗಾರ್ತಿಯ ಗಂಡ ಅಲ್ಲಿ ಕೂತೇ ಮನುಷ್ಯನಾಗಿದ್ದ. ಹೆಂಡತಿ ಬಣ್ಣಗಾರನನ್ನು ಕಾಡಿ ಬೇಡಿ ಒಪ್ಪಿಸಿದಳು.

ಮೊದಲ ಮಂಗಳವಾರ ಅವನು ಗಾಣದ ಮನೆಯ ತನಕ ಹೋದ. ಬಾಗಿಲ ಸಂದಿಯಿಂದ ಇಣುಕಿದ. ಒಳಗಿದ್ದವರು ಮಡಿ ಬಟ್ಟೆ ಉಟ್ಟಿದ್ದರು, ಕಣ್ಣು ತಿಳಿಯಾಗಿದ್ದವು, ಕೈ ನಡುಗುತ್ತಿರಲಿಲ್ಲ. ಬಣ್ಣಗಾರ ತನ್ನ ಕೈ ನೋಡಿಕೊಂಡ. ಇವರೆಲ್ಲ ಒಗೆದ ಬಟ್ಟೆಗಳು, ನಾನು ಜಿಡ್ಡು ಬಟ್ಟೆ, ನನ್ನನ್ನೂ ಬಾಗಿಲಿಂದಲೇ ಕಳಿಸುತ್ತಾರೆ ಎಂದುಕೊಂಡ. ಏಳು ದಿನ ಕುಡಿಯದೆ ಇದ್ದು, ಶುದ್ಧನಾಗಿ ಬಂದು ಕೂರುತ್ತೇನೆಂದು ಮನಸ್ಸಿನಲ್ಲೇ ಆಣೆ ಮಾಡಿ ಹಿಂದಿರುಗಿದ.

ಮೂರನೆಯ ದಿನ ಕುಡಿದ. ಮತ್ತೆ ಮೊದಲಿನಿಂದ ಶುರು ಮಾಡಿದ. ಒಮ್ಮೆ ಆರು ದಿನ ದಾಟಿಸಿದ್ದೂ ಉಂಟು. ನಾಳೆಗೆ ಏಳಾಗುತ್ತದೆ ಎಂಬ ಖುಷಿ ತಡೆಯಲಾರದೆ ಆ ಸಂಜೆಯೇ ಕುಡಿದುಬಿಟ್ಟ. ಇದಕ್ಕೆ ನಗಬೇಕೋ ಅಳಬೇಕೋ ಅವನ ಹೆಂಡತಿಗೂ ತಿಳಿಯಲಿಲ್ಲ.

ಎರಡು ವರ್ಷ ಹೀಗೇ ಹೋಯಿತು. ಒಂದು ದಿನ ಆಕೆ ತವರಿಗೆ ಹೊರಟು ನಿಂತಳು.

“ಕುಡಿಯೋದು ಬಿಡಿ ಅಂತ ನಾನು ಹೇಳಲಿಲ್ಲ. ಅಲ್ಲಿ ಹೋಗಿ ಕೂತ್ಕೊಳ್ಳಿ ಅಂದೆ, ಅಷ್ಟೇ. ಕೂತ ದಿನ ಹೇಳಿ ಕಳಿಸಿ, ಬಂದುಬಿಡ್ತೀನಿ,” ಎಂದಳು.

ಅಷ್ಟು ಸಣ್ಣ ಮಾತು ಬಣ್ಣಗಾರನ ತಲೆಗೆ ಹೋಗಲಿಲ್ಲ. ಅವಳು ಬರುವುದಾದರೆ ತಾನು ಇನ್ನಷ್ಟು ಶುದ್ಧನಾಗಿರಬೇಕು ಎಂದುಕೊಂಡು ಏಳು ದಿನವನ್ನು ಇಪ್ಪತ್ತೊಂದು ಮಾಡಿಕೊಂಡ. ಏಳೇ ದಾಟದವನಿಗೆ ಇಪ್ಪತ್ತೊಂದು ಎಲ್ಲಿ ದಾಟೀತು! ಇನ್ನೂ ಐದು ವರ್ಷ ಕಳೆಯಿತು.

ಕೊನೆಗೆ ಒಂದು ಮಂಗಳವಾರ ಅವನು ಎಷ್ಟು ಕುಡಿದಿದ್ದನೆಂದರೆ, ತನ್ನ ಆಣೆಯೇ ಅವನಿಗೆ ಮರೆತುಹೋಗಿತ್ತು. ತೂರಾಡುತ್ತಾ ಗಾಣದ ಮನೆಗೆ ನಡೆದ, ಬಾಗಿಲು ತಳ್ಳಿ ಒಳಗೆ ಹೋದ. ಎಲ್ಲರೂ ತಿರುಗಿ ನೋಡಿದಾಗಲೇ ತಾನು ಎಲ್ಲಿದ್ದೇನೆಂದು ತಿಳಿದದ್ದು. ಬಾಯಿಗೆ ಅಂಗೈ ಅಡ್ಡ ಹಿಡಿದು, “ತಪ್ಪಾಯ್ತು. ನಾನು ಒಗೆದುಕೊಂಡು ಬರಬೇಕಿತ್ತು,” ಎಂದು ತೊದಲಿದ.

ಒಬ್ಬ ಮುದುಕ ಬಡಗಿ ಎದ್ದು ಬಂದು ಅವನ ಕೈಗೆ ನೀರಿನ ಚೊಂಬು ಕೊಟ್ಟ. “ನಾವೆಲ್ಲ ಹೀಗೇ ಬಂದವರಪ್ಪ. ಒಗೆದವರಿಗೆ ಇಲ್ಲೇನು ಕೆಲಸ? ಬಾ, ಕೂತ್ಕೋ,” ಎಂದ.

ಬಣ್ಣಗಾರ ಕೂತ. ಏಳು ವರ್ಷ ಹೊರಗೆ ನಿಂತದ್ದು ಯಾವ ಬಾಗಿಲ ಮುಂದೆ ಎಂದು ಆಗ ಅವನಿಗೆ ಅರಿವಾಯಿತು. ಯಾರೂ ಎಂದೂ ಅಗುಳಿ ಹಾಕದ ಬಾಗಿಲು ಅದು. ಅವನು ಮಗುವಿನ ಹಾಗೆ ಅತ್ತ.

ಬೆಳಗಾದ ಕೂಡಲೆ ಬಳೆಗಾರ್ತಿಯನ್ನು ಹೆಂಡತಿಯ ತವರಿಗೆ ಕಳಿಸಿದ. ಮನೆ ಗುಡಿಸಿದ, ನೀರು ತುಂಬಿದ, ಒಲೆ ಸಾರಿಸಿದ. ಮೂರನೆಯ ದಿನ ಬಳೆಗಾರ್ತಿ ಒಬ್ಬಳೇ ಬಂದಳು. ಹೆಂಡತಿ ಹೇಳಿ ಕಳಿಸಿದ ಮಾತು ಇಷ್ಟು: “ಕೇಳಿ ಸಂತೋಷವಾಯ್ತು ಅನ್ನು. ಆದರೆ ಕಾದು ಕಾದು, ನಾನು ಕಾಯೋದನ್ನೇ ಬಿಟ್ಟುಬಿಟ್ಟೆ. ಇನ್ನು ಬರೋಕೆ ಮನಸ್ಸಿಲ್ಲ. ಅವರು ಮಾತ್ರ ಕೂತ್ಕೊಳ್ಳೋದು ಬಿಡಬಾರದು.”

ಅವನ ಬದುಕಿನಲ್ಲಿ ಕುಡಿಯಲೇಬೇಕು ಅನ್ನಿಸಿದ ದಿನವಿದ್ದರೆ ಅದೇ. ಅಂದು ಅವನು ಕುಡಿಯಲಿಲ್ಲ. ಬಡಗಿಯ ಮನೆಗೆ ಹೋಗಿ ಸುಮ್ಮನೆ ಕೂತ. ಮುಂದಿನ ಮಂಗಳವಾರ ಗಾಣದ ಮನೆಗೆ ಹೋದ, ಅದರ ಮುಂದಿನ ಮಂಗಳವಾರವೂ ಹೋದ, ಬದುಕಿದ್ದಷ್ಟು ಕಾಲ ಹೋದ. ಜಿಡ್ಡು ಬಟ್ಟೆ ತಂದವರನ್ನು ಮತ್ತೆಂದೂ ಹಿಂದಕ್ಕೆ ಕಳಿಸಲಿಲ್ಲ. ತಾನೇ ಒಗೆದು, ಒಣಗಿಸಿ, ಆಮೇಲೆ ಬಣ್ಣಕ್ಕೆ ಅದ್ದುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು.

“ಆಕೆ ಕೊನೆಗೂ ಬರಲಿಲ್ಲವೇ?” ಎಂದು ಸೋಮಲಿಂಗ ಕೇಳಿದ.

“ಇಲ್ಲ,” ಎಂದರು ಗುರುಗಳು. ಆಮೇಲೆ ಅವನ ಬಗಲಲ್ಲಿದ್ದ ಗಂಟನ್ನು ನೋಡಿ ಕೇಳಿದರು: “ನೀನು ಶುದ್ಧನಾಗುವ ತನಕ ಕಾಯುತ್ತೇನೆಂದು ನಿನಗೆ ಮಾತು ಕೊಟ್ಟವರು ಯಾರಪ್ಪ?”